ನೂರ ಹದಿನೇಳನೇ ಬಿಲ್ಲೆ

ನವೆಂಬರ್ ೬, ಗುರುವಾರ

ಪ್ರೀತಿಯ ಗಡಿಬಿಡಿಗೆ,

ಅಕ್ಕನ ಆಶೀರ್ವಾದ. ನಿನ್ನ ಭಾವ ಇಟ್ಟ ಹೆಸರಿನಿಂದ ಕರೆದೆನೆಂದು ಮುಖ ಗಂಟಿಕ್ಕಬೇಡ. ಈ ಮನೆಯಲ್ಲಿ ಆ ಹೆಸರು ಕೂಗಿ ಎರಡು ತಿಂಗಳಾಯಿತು, ಬರೆದಾದರೂ ನೋಡೋಣ ಎನಿಸಿತು. ಇಷ್ಟು ದಿನ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಫೋನ್ ಆಫ್ ಮಾಡಿ ಕೂತವನು ನೀನು. ವಿಳಾಸ ಸಿಕ್ಕಿದ್ದೇ ಮೊನ್ನೆ, ಅದೂ ನಿನ್ನ ಗೆಳೆಯನ ತಾಯಿಯ ಕೈಕಾಲು ಹಿಡಿದ ಮೇಲೆ.

ನಾವಿದ್ದೇವೆ. ಮಗಳು ಶಾಲೆಗೆ ಹೋಗುತ್ತಿದ್ದಾಳೆ. ನಿನ್ನೆ ತಲೆ ಬಾಚುವಾಗ, "ಅಮ್ಮ, ಮಾವ ಪಾಸಾದ್ನಾ?" ಎಂದು ಕೇಳಿದಳು. ಭಾವ ತೀರಿಕೊಂಡ ದಿನವೇ ಇದ್ದ ನಿನ್ನ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಏನಾಯಿತೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವಲ್ಲೋ. ಎರಡು ಸಲ ಕಂಬಕ್ಕೆ ಗುದ್ದಿ ಬಂದವನು, ಮೂರನೇ ಸಲವಾದರೂ ಕಂಬವನ್ನು ಅದರ ಪಾಡಿಗೆ ಬಿಟ್ಟೆಯಾ?

ಈಗ ವಿಷಯಕ್ಕೆ ಬರುತ್ತೇನೆ. ಕಾರ್ಖಾನೆಯ ಮೇಸ್ತ್ರಿ ಪ್ರತಿ ಭಾನುವಾರ ಮನೆಗೆ ಬರುತ್ತಿದ್ದಾನೆ. ಮೊದಲು ಬರುತ್ತಿದ್ದಾರೆ ಎನ್ನುತ್ತಿದ್ದೆ, ಈಗ ಬಾಯಿ ಬರುವುದಿಲ್ಲ. ಮೊದಲ ಸಲ ಹಣ್ಣು ತಂದು ಕಣ್ಣೊರೆಸಿಕೊಂಡ. ಹೋದ ತಿಂಗಳು ಪರಿಹಾರದ ಅಧಿಕಾರಿಯ ಮುಂದೆ ನನ್ನ ವಿಚಾರಣೆಯಾಯಿತು ನೋಡು, ಅಲ್ಲಿಂದಾಚೆಗೆ ಅವನ ಧಾಟಿ ಬದಲಾಯಿತು. ನಿನ್ನ ಭಾವನ ಕುರ್ಚಿಯಲ್ಲೇ ಕಾಲು ಚಾಚಿ ಕೂತು, "ತಮ್ಮ ಎಲ್ಲಿದಾನಮ್ಮ? ಒಳ್ಳೆ ಹುಡ್ಗ. ಹೆದರ್ಕೊಂಡಿರ್ತಾನೆ, ಪಾಪ. ವಿಳಾಸ ಕೊಡಿ, ನಾವೇ ಹೋಗಿ ಮಾತಾಡಿಸ್ತೀವಿ" ಎಂದ. ಪಾಪ ಎಂದ ರೀತಿ ನೋಡಿ ಮಗಳನ್ನು ಒಳಗೆ ಕಳಿಸಿದೆ.

ಹೋದ ಭಾನುವಾರ ಅವನ ಜೊತೆ ಇನ್ನಿಬ್ಬರು ಬಂದಿದ್ದರು. ಒಳಗೆ ಬರಲಿಲ್ಲ, ಗೇಟಿಗೆ ಒರಗಿ ನಮ್ಮ ಕಿಟಕಿಯನ್ನೇ ನೋಡುತ್ತಿದ್ದರು. ಮೇಸ್ತ್ರಿ ಒಂದು ಟೈಪ್ ಮಾಡಿದ ಹಾಳೆ ಮುಂದಿಟ್ಟ. ನನ್ನ ಗಂಡ ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋದವನು, ಮಧ್ಯಾಹ್ನ ತನ್ನ ಭಾಮೈದನನ್ನು ಮಾತಾಡಿಸಲು ಅಪ್ಪಣೆಯಿಲ್ಲದೆ ಒಳಗೆ ಬಂದು ರಟ್ಟು ಅರೆಯುವ ತೊಟ್ಟಿಗೆ ಬಿದ್ದ, ಆಗ ತೊಟ್ಟಿಯ ಬಳಿ ಕೆಲಸದಲ್ಲಿದ್ದವನು ಆ ಭಾಮೈದನೇ, ಹೀಗೆಂದು ಬರೆದಿತ್ತು. ನಾನು ಸಹಿ ಹಾಕಬೇಕಂತೆ.

"ನನ್ ತಮ್ಮ ಅವತ್ತು ಅಲ್ಲಿರ್ಲೇ ಇಲ್ಲ," ಎಂದೆ.

"ಇದ್ನಲ್ಲಮ್ಮ. ಅವನ ನೂರ ಹದಿನೇಳನೇ ಬಿಲ್ಲೆ ಕೊಕ್ಕೆ ಮೇಲಿತ್ತು. ರಿಜಿಸ್ಟರ್ ಸುಳ್ಳು ಹೇಳತ್ತಾ?"

ಒಬ್ಬರ ಬಿಲ್ಲೆಯಲ್ಲಿ ಇನ್ನೊಬ್ಬರು ದುಡಿಯುವುದು ಆ ಕಾರ್ಖಾನೆಗೆ ಹೊಸದೇನೋ? ರಜೆ ಮುಗಿದವನು ತನ್ನ ತಗಡಿನ ಬಿಲ್ಲೆ ಕೊಟ್ಟು ಕಳಿಸುವುದು, ಹೋದವನು ಅದನ್ನು ಗೇಟಿನ ಕೊಕ್ಕೆಗೆ ತಗುಲಿಸಿ ಪಾಳಿ ಮುಗಿಸುವುದು, ಮುಂದಿನ ವಾರ ಇವನು ಅವನಿಗೆ ದುಡಿದು ಕೊಡುವುದು. ಮೇಸ್ತ್ರಿ ಬಿಲ್ಲೆ ಎಣಿಸುತ್ತಿದ್ದನೇ ಹೊರತು ಮುಖ ನೋಡಿದವನಲ್ಲ. ಹತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದವನಿಗೆ ಈಗ ಇದ್ದಕ್ಕಿದ್ದಂತೆ ಕಣ್ಣು ಬಂದಿದೆ.

ಆ ಹಾಳೆಯನ್ನು ಕಾರ್ಮಿಕ ಸಂಘದ ವಕೀಲಮ್ಮನಿಗೆ ತೋರಿಸಿದೆ. ಆಕೆ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. "ಕೆಲಸದ ಮೇಲಿದ್ದಾಗ ಸತ್ರೆ ಮಾತ್ರ ಪರಿಹಾರ ಅಮ್ಮ. ಇವ್ರ ಲೆಕ್ಕದಲ್ಲಿ ನಿಮ್ಮೆಜಮಾನ್ರು ಹೊರಗಿನವರು. ನಿಮ್ಮ ತಮ್ಮ ಪಾಳಿಯಲ್ಲಿದ್ದವನು, ಆಮೇಲೆ ಓಡಿಹೋದವನು. ಇವತ್ತು ಪರಿಹಾರ ತಪ್ಪಿಸ್ತಾರೆ, ನಾಳೆ ಸಾವನ್ನೇ ಅವನ ತಲೆಗೆ ಕಟ್ತಾರೆ" ಎಂದರು. ನಿನ್ನ ಬಿಲ್ಲೆ ಭಾವನ ಕೈಗೆ ಹೇಗೆ ಬಂತೆಂದು ಹೇಳುವವರು ಬೇಕಂತೆ. ಅವತ್ತು ಮೂರು ಗಂಟೆಗೆ ನೀನು ಪರೀಕ್ಷೆಯಲ್ಲಿದ್ದೆ ಎಂಬ ಚೀಟಿ ಬೇಕಂತೆ. ಅದನ್ನು ತೋರಿಸಿದರೆ ನಿನ್ನ ಕೆಲಸ ಹೋಗುತ್ತದೆ, ಮೋಸದ ದೂರನ್ನೂ ಕೊಡಬಹುದು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ತೋರಿಸದಿದ್ದರೆ ಬರುವುದು ಅದಕ್ಕಿಂತ ಕೆಟ್ಟದ್ದು.

ಸೋಮವಾರ ನಿನ್ನ ಭಾವನ ಊಟದ ಡಬ್ಬಿ ತರಲು ಕಾರ್ಖಾನೆಗೆ ಹೋಗಿದ್ದೆ. ವರ್ಷದಿಂದ ಬಿಚ್ಚಿಟ್ಟಿದ್ದ ಕಂಬಿಯ ತಡೆ ತೊಟ್ಟಿಯ ಸುತ್ತ ಮತ್ತೆ ಬಂದು ಕೂತಿದೆ. ಹಳದಿ ಬಣ್ಣ ಇನ್ನೂ ಆರಿರಲಿಲ್ಲ, ಹಿಡಿದರೆ ಕೈಗೆ ಅಂಟಿತು. ಯಾರೋ ಅದರ ಫೋಟೊ ತೆಗೆಯುತ್ತಿದ್ದರು. ನಿನ್ನ ಪಾಳಿಯವರು ಒಬ್ಬರೂ ತಲೆ ಎತ್ತಲಿಲ್ಲ. ಮನೆಗೆ ಬಂದು ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಹಳದಿ ಉಳಿದಿದೆ.

ಮೇಸ್ತ್ರಿ ಈ ಭಾನುವಾರ ಸಹಿಗೆ ಮತ್ತೆ ಬರುತ್ತಾನೆ. ಮುಂದಿನ ವಿಚಾರಣೆ ಹತ್ತೊಂಬತ್ತಕ್ಕೆ, ಬೆಳಿಗ್ಗೆ ಹನ್ನೊಂದಕ್ಕೆ. ನೇರವಾಗಿ ವಕೀಲಮ್ಮನ ಕಚೇರಿಗೆ ಬಾ, ಮನೆಗೆ ಬರಬೇಡ. ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟು ಒಗೆಯಲು ಹಾಕಿಬಿಡಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಲಕ ಹಾಕಿಕೊಂಡು ಮಲಗು. ಯಾರ ಕಣ್ಣೂ ನಿನ್ನ ಮೇಲೆ ಬೀಳದಿರಲಿ, ನೂರು ಕಾಲ ಬಾಳು.

ನಿನ್ನ
ಅಕ್ಕ

ಮತ್ತೆ: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಮಾತಿಗೆ ಕಟ್ಟುಬಿದ್ದು ಭಾವ ಹೋದರು ಎಂದುಕೊಂಡು ನೀನು ಊರು ಬಿಟ್ಟೆ. ಬಿಲ್ಲೆಯನ್ನು ಗಡಿಯಾರದ ಕೆಳಗಿಟ್ಟು, "ಭಾವಂಗೆ ಆಗ್ದಿದ್ರೆ ಬಿಡ್ಲಿ ಅಕ್ಕ, ಕೆಲ್ಸ ಹೋದ್ರೆ ಹೋಗ್ಲಿ" ಎಂದು ಹೇಳಿ ಹೋದೆಯಲ್ಲ, ಆ ಮಾತನ್ನು ನಾನು ಅವರಿಗೆ ಹೇಳಲೇ ಇಲ್ಲ. ಅವರು ಬೆಳಗಿನ ಪಾಳಿ ಮುಗಿಸಿ ಬಂದಾಗ ಮೈ ಸುಡುತ್ತಿತ್ತು. "ತೊಟ್ಟಿ ಕೆಲ್ಸ ನಂಗೆ ಅಭ್ಯಾಸ ಇಲ್ಲ ಕಣೆ, ತಲೆ ಬೇರೆ ಸುತ್ತುತ್ತೆ, ಇವತ್ತು ಬೇಡ" ಎಂದರು. "ನನ್ ತಮ್ಮನ ವಿಷಯ ಬಂದ್ರೆ ನಿಮಗೆ ಯಾವಾಗ್ಲೂ ತಲೆ ಸುತ್ತುತ್ತೆ" ಎಂದು ಚುಚ್ಚಿದೆ. ಬಿಲ್ಲೆಯನ್ನು ಅವರ ಅಂಗಿಯ ಜೇಬಿಗೆ ಹಾಕಿದವಳು ನಾನೇ.

ಹೋದ ತಿಂಗಳು ಅಧಿಕಾರಿ ಪ್ರಮಾಣ ಮಾಡಿಸಿ, "ಬಿಲ್ಲೆ ಅವರಿಗೆ ಕೊಟ್ಟಿದ್ದು ಯಾರು?" ಎಂದು ಕೇಳಿದರು. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. "ಗೊತ್ತಿಲ್ಲ" ಎಂದೆ. ಮೇಸ್ತ್ರಿಯ ಹಾಳೆ ಹುಟ್ಟಿದ್ದು ಆ ಒಂದು ಮಾತಿನಿಂದ.

ಹತ್ತೊಂಬತ್ತಕ್ಕೆ ನೀನು ಬಂದರೂ ಬರದಿದ್ದರೂ ನಿಜ ಹೇಳುತ್ತೇನೆ. ಮಗಳನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ. ನಾನು ಮಾತಾಡುವಷ್ಟು ಹೊತ್ತು ಅವಳನ್ನು ಹೊರಗೆ ಕರೆದುಕೊಂಡು ಹೋಗುವುದಕ್ಕಾದರೂ ಬಾ.