ಆಚೆ ದಡದ ಹಾಜರಿ

ಮಾರ್ಚ್ ೯, ಶನಿವಾರ
ಮಧ್ಯಾಹ್ನ, ಅಂಗಡಿಯಿಂದ

ನನ್ನ ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಬದುಕಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಷ್ಟು ಕಾಲ ಒಂದು ಸಾಲೂ ಬರೆಯದವನು ಇದ್ದಕ್ಕಿದ್ದ ಹಾಗೆ ದಪ್ಪ ಲಕೋಟೆ ಕಳಿಸಿದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ನನ್ನದಂತೂ ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೇ ಬಾಯಿಗೆ ಬರುತ್ತದೆ.

ತಡವಾದದ್ದಕ್ಕೆ ಬಯ್ಯಬೇಡ. ಬರೆಯಲು ಕೂತಾಗಲೆಲ್ಲ ಏನಾದರೊಂದು ಚಿಂತೆ ಅಡ್ಡ ಬರುತ್ತಿತ್ತು. ಕಾಗದ ಮೊದಲು ಭಾವನ ಕೈಗೆ ಸಿಕ್ಕಿದರೆ? ಓದದೇ ಹರಿದರೆ? ಓದಿ ಹರಿದರೆ? ಶಾಲೆಯ ಬೆಂಚು ಬಿಸಿಯಾಗುವುದರೊಳಗೆ ಎದ್ದು ಬಂದವನು ನಾನು. ಉಳಿದ ಅಕ್ಷರವನ್ನೆಲ್ಲ ಸೇನೆಯ ಬ್ಯಾರಕ್ಕಿನಲ್ಲಿ, ಬೇರೆಯವರ ಮನೆಯಿಂದ ಬಂದ ಕಾಗದಗಳನ್ನು ಅವರಿಗೇ ಓದಿ ಹೇಳುತ್ತ ಕಲಿತೆ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಅಕ್ಕಾ, ಪದಕ ಬಂತು.

ಬರೆದ ಮೇಲೆ ಆ ಸಾಲನ್ನೇ ನಾಲ್ಕಾರು ಸಲ ಓದಿಕೊಂಡೆ. ಹೌದು, ಬಂತು. ಮಾಲೀಕರ ಹೊಲಿಗೆ ಯಂತ್ರದ ಪಕ್ಕದಲ್ಲಿ, ಬಸ್ಸಿನ ಸೀಟಿನ ರೆಕ್ಸಿನ್ ತುಂಡಿನ ಮೇಲೆ ಕೂತಿದೆ. ಬೀಳುತ್ತದೇನೋ ಎಂದು ಕೈ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಅದಕ್ಕೇ ಅಕ್ಷರ ಸೊಟ್ಟ.

ಯುದ್ಧದಲ್ಲಿ ನದಿ ದಾಟಿದವರ ಪದಕ ಅದು. ನಿನ್ನ ಮಗ ಗುಬ್ಬಿಯದು ನಿಮ್ಮ ನಡುಮನೆಯ ಗೋಡೆಯ ಮೇಲೆ, ಅವನ ಫೋಟೋದ ಕೆಳಗೆ ಇದೆಯಲ್ಲ, ಅಂಥದ್ದೇ. ಅವನು ದಾಟಿದ, ಅವನಿಗೆ ಬಂತು. ನಾನೂ ಅದೇ ದಿನ ಅದೇ ನದಿಯಲ್ಲಿದ್ದೆ, ನನಗೆ ಬರಲಿಲ್ಲ. ಅವನ ಹೆಸರು ಬರೆದ ಶವಪೆಟ್ಟಿಗೆ ಮನೆಗೆ ಬಂದ ಮೇಲೆ ನಾನು ರಜೆ ಸಿಕ್ಕಿ ಬಂದಾಗ, ಭಾವ ಬಾಗಿಲಲ್ಲೇ ನಿಂತು ಅಂದರು: "ನಿನ್ನ ಹಿಂದೆ ಹಿಂದೆ ತಿರುಗ್ತಿದ್ದ ಹುಡುಗ. ಅವನ್ನ ಮುಂದೆ ಕಳಿಸಿ ನೀನು ಹಿಂದೆ ಉಳಿದ್ಯಂತೆ. ದಡದಲ್ಲಿ ಕೂತು ಲೆಕ್ಕ ಹಾಕ್ತಿದ್ಯಾ ಎಷ್ಟು ಜನ ಹೋದ್ರು ಅಂತ?" ನೀನು ಒಳಗಿನಿಂದ "ಸಾಕು ಬಿಡಿ" ಅಂದೆ. ಅಷ್ಟೇ ಅಂದೆ. ನಾನು ಚಪ್ಪಲಿ ಬಿಚ್ಚದೆ ತಿರುಗಿ ಹೊರಟೆ. ಭಾವನ ಮೇಲೆ ನನಗೆ ಸಿಟ್ಟಿಲ್ಲ. ಸೇನೆಯ ಕಾಗದದಲ್ಲೇ ನನ್ನ ಹೆಸರಿನ ಮುಂದೆ "ಈಚೆ ದಡದ ಸಿಬ್ಬಂದಿ" ಎಂದಿರುವಾಗ ಅವರಾದರೂ ಏನು ಮಾಡಿಯಾರು?

ಆದದ್ದು ಇಷ್ಟು. ನಾನು ದೋಣಿಯವನು. ಬೆಳಗಿನ ಮಂಜಿನಲ್ಲಿ ಜನರನ್ನು ತುಂಬಿಕೊಂಡು ಆಚೆ ದಡಕ್ಕೆ ಹುಟ್ಟು ಹಾಕುವುದು, ಇಳಿಸುವುದು, ಉಳಿದವರನ್ನು ಕರೆತರಲು ವಾಪಸ್ಸು ಬರುವುದು. ಪ್ರತಿ ತಂಡ ಇಳಿದ ಮೇಲೂ ಆಚೆ ದಡದಲ್ಲಿ ಅಧಿಕಾರಿಯೊಬ್ಬರು ಸಾಲು ನಿಲ್ಲಿಸಿ ಹಾಜರಿ ಕೂಗಿದರು. ಆ ಹಾಜರಿಯಲ್ಲಿದ್ದವರಿಗೆ ಪದಕ. ಹಾಜರಿ ಕೂಗುವ ಹೊತ್ತಿಗೆ ದೋಣಿಯವರು ಎಲ್ಲಿರುತ್ತಾರೆ? ನೀರಿನ ಮೇಲೆ! ನಮ್ಮ ಹೆಸರು ಯಾರೂ ಕೂಗಲಿಲ್ಲ. ಕೂಗಿದ್ದರೂ "ಹಾಜರ್" ಅನ್ನಲು ನಾವು ಅಲ್ಲಿರಲಿಲ್ಲ.

ಅಂದಿನಿಂದ ಅರ್ಜಿ ಹಾಕುತ್ತ ಬಂದೆ. ಪ್ರತಿ ಸಲವೂ ಒಂದೇ ಉತ್ತರ: ಅರ್ಜಿದಾರರ ಹೆಸರು ಆಚೆ ದಡದ ಹಾಜರಿಯಲ್ಲಿ ಕಂಡುಬಂದಿಲ್ಲ. ನನ್ನಾಕೆ ಕೊನೆಗೆ ಅಂದಳು: "ನೀವು ಇನ್ನೊಂದು ಅರ್ಜಿ ಬರೆದ್ರೆ ನಾನು ತವರಿಗೆ ಹೋಗ್ತೀನಿ." ಬರೆದೆ. ಅವಳು ಹೋಗಲಿಲ್ಲ, ಅಂಚೆಚೀಟಿ ಅಂಟಿಸಿದಳು.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಒಬ್ಬ ಬೇಕರಿಯವನು ತನ್ನ ವ್ಯಾನಿನ ಸೀಟು ಹೊಲಿಸಲು ನಮ್ಮ ಅಂಗಡಿಗೆ ಬಂದ. ಆನೆಯಂಥ ಮನುಷ್ಯ. ಸೀಟು ಯಾಕೆ ಕುಸಿದಿದೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಾನು ಸ್ಪ್ರಿಂಗು ಎಳೆದು ನೋಡುತ್ತಿದ್ದೆ, ಇವನು ನನ್ನ ಮುಖವನ್ನೇ ದುರುಗುಟ್ಟಿ ನೋಡುತ್ತಿದ್ದ. ನನಗೋ ಗಾಬರಿ. ಹಿಂದೆ ಯಾವಾಗಲೋ ಹಾಕಿಕೊಟ್ಟ ಹೊಲಿಗೆ ಬಿಟ್ಟು ಬಂದಿತೇ, ಜಗಳಕ್ಕೆ ಬಂದಿದ್ದಾನೆಯೇ ಎಂದು ಬೆವರಿದೆ.

"ನೀನು ದೋಣಿ ಚಿಂತಾಮಣಿ ಅಲ್ವೇನೋ?" ಅಂದ.

ದಳದಲ್ಲಿ ನನಗಿಟ್ಟಿದ್ದ ಅಡ್ಡಹೆಸರು ಅದು. ಹಗ್ಗ ಬಿಗಿಯಾಗಿದೆಯೇ, ತಳ ಸೋರುತ್ತಿದೆಯೇ ಎಂದು ಸದಾ ಗೊಣಗುತ್ತಿದ್ದೆನಲ್ಲ, ಅದಕ್ಕೆ. "ಹೌದು, ತಾವು?" ಅಂದೆ.

"ತಾವಂತೆ ತಾವು! ನಿನ್ನ ತೊಡೆ ಮೇಲೆ ವಾಂತಿ ಮಾಡ್ಕೊಂಡ ಸಾರ್ಜೆಂಟ್ ಕಣೋ ನಾನು. ಆಚೆ ದಡ ನೋಡೋಕೆ ಧೈರ್ಯ ಇಲ್ದೆ ದಾರಿ ಪೂರಾ ನಿನ್ನ ಮುಖಾನೇ ನೋಡ್ಕೊಂಡು ಬಂದಿದ್ದೆ. ಈ ಮೂಗು ಮರೆಯೋಕಾಗುತ್ತಾ?"

ಪದಕದ ಕಥೆ ಕೇಳಿ ಅವನಿಗೆ ಬಂದ ಸಿಟ್ಟು ನೋಡಬೇಕಿತ್ತು. ನಮ್ಮ ಕತ್ತರಿಯನ್ನೇ ಮೇಜಿಗೆ ಕುಕ್ಕಿದ. "ಈ ಸಲ ಬರೀ ಕಾಗದ ಬೇಡ. ನಾನೇ ಬರ್ತೀನಿ ಸಾಕ್ಷಿಗೆ."

ಕಳೆದ ತಿಂಗಳು ದಾಖಲೆ ತಿದ್ದುಪಡಿ ಮಂಡಳಿಯವರು ಕರೆಸಿದರು. ಹಿಂದಿನ ದಿನವೇ ಚಿಂತೆ ಶುರುವಾಗಿತ್ತು. ಯಾವ ಅಂಗಿ, ಯಾವ ಬಸ್ಸು, ಅಲ್ಲಿ ಲಿಫ್ಟು ನಿಂತುಹೋದರೆ ಏನು ಗತಿ? ಮರುದಿನ ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದೆ. ಒಳಗಿದ್ದ ನನ್ನಾಕೆ ಕಿಟಕಿಯಿಂದ ಕೂಗಿದಳು: "ಹಾಕಿದ್ದೀರಿ ಮಾರಾಯ್ರೇ, ನನ್ನನ್ನ ಒಳಗೇ ಬಿಟ್ಟು ಹಾಕಿದ್ದೀರಿ!" ಅವಳೂ ಬರುವವಳಿದ್ದಳು ಎನ್ನುವುದೇ ಮರೆತುಹೋಗಿತ್ತು.

ಉದ್ದನೆಯ ಕೋಣೆ, ಪಾಲಿಶ್ ಹಾಕಿದ ಮೇಜು, ಗಾಜಿನ ಲೋಟಗಳಲ್ಲಿ ನೀರು. ಮಧ್ಯದಲ್ಲಿ ಅಧ್ಯಕ್ಷೆ, ನರೆತ ಕೂದಲಿನ ಹೆಂಗಸು, ಹಿಂದೆ ತಾವೂ ಸೇನೆಯಲ್ಲಿದ್ದವರು. ಪಕ್ಕದಲ್ಲಿ ನೆಗಡಿಯಾಗಿದ್ದ ದಾಖಲೆ ಗುಮಾಸ್ತ. ಅವನೇ ಮೊದಲು ಕೇಳಿದ: "ಆಚೆ ದಡಕ್ಕೆ ಹೋಗುವಾಗ ಅಲ್ಲಿ ನಿಮಗೆ ಮೊದಲು ಕಂಡಿದ್ದೇನು?"

"ಏನೂ ಕಾಣಲಿಲ್ಲ ಸಾರ್," ಅಂದೆ.

ಬೇಕರಿಯವನು ಹಣೆ ಚಚ್ಚಿಕೊಂಡ ಶಬ್ದ ಕೋಣೆಗೆಲ್ಲ ಕೇಳಿತು. ನನ್ನಾಕೆ ಕಣ್ಣು ಮುಚ್ಚಿದಳು.

"ಮಂಜು ಇತ್ತಾ?" ಅಧ್ಯಕ್ಷೆ ಕೇಳಿದರು.

"ಇತ್ತಮ್ಮ. ಆದ್ರೆ ಇಲ್ದಿದ್ರೂ ಕಾಣ್ತಿರಲಿಲ್ಲ. ನನ್ನ ಬೆನ್ನು ಆ ಕಡೆಗಿತ್ತು." ಬಾಯಿಯಲ್ಲಿ ಹೇಳಿದರೆ ತೊದಲುತ್ತೇನೆ ಎನಿಸಿ ಕುರ್ಚಿಯನ್ನು ತಿರುಗಿಸಿ ಕೂತು, ಎರಡೂ ಕೈಯಲ್ಲಿ ಹುಟ್ಟು ಎಳೆದು ತೋರಿಸಿದೆ. "ಹುಟ್ಟು ಹಾಕೋನು ಹೋಗೋ ಕಡೆಗೆ ಬೆನ್ನು ಹಾಕ್ಕೊಂಡೇ ಕೂರ್ಬೇಕು. ಹೋಗ್ತಾ ಬಿಟ್ಟ ದಡ ಕಾಣುತ್ತೆ. ವಾಪಸ್ಸು ಬರ್ತಾ ಆಚೆ ದಡ ಕಾಣೋದು." ಕಂಡದ್ದನ್ನು ಹೇಳಿದೆ: ಮಾಡು ಹಾರಿಹೋದ ಪಂಪ್‌ಹೌಸು, ಅದರ ಗೋಡೆಯ ಮೇಲೆ ಅರ್ಧ ಉಳಿದಿದ್ದ ಸೋಪಿನ ಜಾಹೀರಾತು, ನೀರಿಗೆ ಬಾಗಿದ ತಂತಿಕಂಬ.

ಗುಮಾಸ್ತ ಸೀನಿದ, ಮೂಗೊರೆಸಿಕೊಂಡ, ಆಮೇಲೆ ನಕ್ಕುಬಿಟ್ಟ. "ಹೌದಲ್ವಾ! ಪಾರ್ಕಿನ ಕೆರೇಲಿ ಹೆಂಡ್ತೀನ ಕೂರಿಸ್ಕೊಂಡು ನಾನೂ ಹೀಗೇ ಬೆನ್ನು ಹಾಕಿ ಹೋಗಿ ಕಟ್ಟೆಗೆ ಗುದ್ದಿದ್ದೆ." ಹಳೆಯ ನಕ್ಷೆ ಬಿಡಿಸಿ ಪಂಪ್‌ಹೌಸಿನ ಮೇಲೆ ಬೆರಳಿಟ್ಟು ಅಧ್ಯಕ್ಷೆಗೆ ತೋರಿಸಿದ.

ಬೇಕರಿಯವನು ಇನ್ನು ತಡೆಯಲಾರದೆ ಎದ್ದ. "ಅಮ್ಮಾ, ನಾನು ನದಿ ಮಧ್ಯದಲ್ಲಿ ವಾಂತಿ ಮಾಡಿದ್ದು ಇವನ ತೊಡೆ ಮೇಲೆ. ಇವನು ಈಚೆ ದಡದಲ್ಲೇ ಕೂತಿದ್ರೆ ಅದು ಅಷ್ಟು ದೂರ ಹೆಂಗೆ ಹೋಗುತ್ತೆ, ನೀವೇ ಹೇಳಿ!"

"ಕೂತ್ಕೊಳ್ಳಿ ಸಾರ್ಜೆಂಟ್," ಅಂದರು ಅಧ್ಯಕ್ಷೆ. "ಅದನ್ನ ಹೇಗೆ ದಾಖಲಿಸೋದು ಅಂತ ಯೋಚಿಸ್ತಿದ್ದೀನಿ." ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಸಲ ದಾಟಿದ್ರಿ?" ಅಂದರು.

"ಲೆಕ್ಕ ಇಡಲಿಲ್ಲಮ್ಮ. ಚಿಂತೆ ಮಾಡೋಕೂ ಪುರಸೊತ್ತಿರಲಿಲ್ಲ. ನನ್ನ ಜೀವನದಲ್ಲಿ ಚಿಂತೆ ಇಲ್ದೇ ಇದ್ದ ಹೊತ್ತು ಅಂದ್ರೆ ಅದೊಂದೇ."

ತೀರ್ಪಿಗಾಗಿ ಹೊರಗೆ ಕೂರಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ ಅಕ್ಕಾ, ಅಲ್ಲೇ ಹೇಳಿದರು. ಅಧ್ಯಕ್ಷೆ ಎದ್ದು ನಿಂತು ಹೇಳಿದರು. ಹಾಜರಿ ಕೂಗಿದವರು ದಾಟಿದವರ ಹೆಸರು ಬರೆದುಕೊಂಡರು, ದಾಟಿಸಿದವರದ್ದು ಬಿಟ್ಟರು. ನನ್ನ ದಾಖಲೆಯಷ್ಟೇ ಅಲ್ಲ, ಆ ದಿನ ದೋಣಿ ನಡೆಸಿದ ಅಷ್ಟೂ ಜನರ ದಾಖಲೆ ತಿದ್ದಬೇಕು, ಸತ್ತವರಿದ್ದರೆ ಅವರ ಮನೆಗೆ ಪದಕ ಮುಟ್ಟಿಸಬೇಕು ಅಂದರು. ಅಷ್ಟೂ ಜನರದ್ದು! ಆಮೇಲೆ ಆ ಹೆಂಗಸು ನೆಟ್ಟಗೆ ನಿಂತು ನನಗೆ ಸೆಲ್ಯೂಟ್ ಹೊಡೆದರು. ನಾನು ಗಡಿಬಿಡಿಯಲ್ಲಿ ಎಡಗೈ ಎತ್ತಿದೆ. ಇರಲಿ, ಎತ್ತಿದೆನಲ್ಲ.

ಮೊನ್ನೆ ಗುರುವಾರ ಅದೇ ಕೋಣೆಯಲ್ಲಿ ಪದಕ ಕೊಟ್ಟರು. ಸಾರ್ಜೆಂಟ್ ತಾನೇ ಚುಚ್ಚುತ್ತೇನೆಂದು ಹಟ ಹಿಡಿದ. ಹಿಟ್ಟು ನಾದುವ ಬೆರಳು, ಪಿನ್ನು ಅಂಗಿ ದಾಟಿ ಎದೆಗೇ ಇಳಿಯಿತು. ಇಡೀ ಯುದ್ಧದಲ್ಲಿ ಒಂದು ಗೀರೂ ಆಗದವನಿಗೆ ಪದಕದಿಂದ ರಕ್ತ ಬಂತು ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ತುಕ್ಕು ಹಿಡಿದ ಪಿನ್ನಿರಬಹುದೇ ಎಂದು ಸಂಜೆ ಹೋಗಿ ಇಂಜೆಕ್ಷನ್ ಕೂಡ ಹಾಕಿಸಿಕೊಂಡೆ. ಇವತ್ತು ಅಂಗಡಿಗೆ ಬಂದ ಬಸ್ ಡ್ರೈವರುಗಳೆಲ್ಲ ಸೀಟು ಬಿಟ್ಟು ಪದಕವನ್ನೇ ಮುಟ್ಟಿ ನೋಡುತ್ತಿದ್ದಾರೆ. ಒಬ್ಬ ಕೇಳಿದ: "ಯಜಮಾನ್ರೇ, ಇಷ್ಟು ಧೈರ್ಯ ಇದ್ದೋರು ಕರೆಂಟ್ ಸ್ವಿಚ್ ಒತ್ತೋಕೆ ಯಾಕೆ ಹೆದರ್ತೀರಿ?" ಅದು ಬೇರೆ, ಇದು ಬೇರೆ ಅಂದೆ.

ಈ ಕಾಗದವನ್ನು ಭಾವನಿಗೆ ಗಟ್ಟಿಯಾಗಿ ಓದಿ ಹೇಳು. ಅವರ ಕಿವಿ ಮಂದವಾಗಿದೆ ಎಂದು ಕೇಳಿದೆ, ಕೂಗಿ ಓದು. ನಿನ್ನ ಮೊಮ್ಮಕ್ಕಳಿಗೆ ಈ ಮಾವಜ್ಜನ ಹರಕೆ, ನೂರು ಕಾಲ ಬಾಳಲಿ, ಸೈಕಲ್ಲನ್ನು ನಿಧಾನ ಹೊಡೆಯಲಿ. ನಿನಗೆ ನಾನು ಹರಸುವಂತಿಲ್ಲ, ನೀನೇ ನನ್ನನ್ನು ಹರಸು.

ಇಂತು ನಿನ್ನ
ತಮ್ಮ

ತಾ.ಕ. ಇದನ್ನು ಭಾವನಿಗೆ ಓದಬೇಡ. ನೀನೊಬ್ಬಳೇ ಓದು.

ಅಧ್ಯಕ್ಷೆ ಕೇಳಿದ ಒಂದು ಪ್ರಶ್ನೆಯನ್ನು ಮೇಲೆ ಬರೆಯಲಿಲ್ಲ. "ವಾಪಸ್ಸು ಬರುವಾಗ ದೋಣಿ ಖಾಲಿ ಇರ್ತಿತ್ತಾ?" ಅಂದರು. "ಇಲ್ಲಮ್ಮ, ಪೆಟ್ಟಾದೋರು ಇರ್ತಿದ್ರು" ಅಂದೆ. ಅವರು ಮುಂದೆ ಕೇಳಲಿಲ್ಲ.

ಅಕ್ಕಾ, ಗುಬ್ಬಿಯನ್ನು ದಾಟಿಸಿದ್ದೂ ನಾನೇ, ಕರೆತಂದದ್ದೂ ನಾನೇ. ನನ್ನೆದುರಿಗೇ ಮಲಗಿಸಿದ್ದರು. ಹುಟ್ಟು ಹಾಕುವವನು ಮುಖ ತಿರುಗಿಸುವಂತಿಲ್ಲ. ಅರ್ಧ ನದಿಯವರೆಗೆ ಅವನಿಗೆ ಎಚ್ಚರವಿತ್ತು. ನೋವು ಎನ್ನಲಿಲ್ಲ. ಬಟ್ಟೆ ಮುಟ್ಟಿ ನೋಡಿಕೊಂಡ, ರಕ್ತಕ್ಕೆ ನೀರೂ ಸೇರಿ ಪೂರ್ತಿ ಒದ್ದೆಯಾಗಿತ್ತು. ಚಿಕ್ಕಂದಿನಲ್ಲಿ ಕಾಲುವೆಗೆ ಬಿದ್ದು ಮನೆಗೆ ಬರುವಾಗ ನಿನ್ನ ಬೈಗುಳಕ್ಕೆ ಹೆದರಿ ಯಾವಾಗಲೂ ಮೊದಲು ನನ್ನನ್ನು ಒಳಗೆ ತಳ್ಳುತ್ತಿದ್ದನಲ್ಲ, ಅದೇ ದನಿಯಲ್ಲಿ ಅಂದ: "ಮಾವ, ಅಮ್ಮ ಬಯ್ತಾಳೆ. ನೀನು ಮುಂದೆ ಹೋಗು."

ಆಮೇಲೆ ಮಾತಾಡಲಿಲ್ಲ.

ಆ ದಿನ ನಿಮ್ಮ ಬಾಗಿಲಿಗೆ ಇದನ್ನು ಹೇಳಲೆಂದೇ ಬಂದಿದ್ದೆ. ಮುಂದೆ ಹೋಗಲಾಗಲಿಲ್ಲ.

ಬರುವ ಭಾನುವಾರ ಬರುತ್ತೇನೆ. ಬಾಗಿಲು ತೆಗೆದಿಡು. ಬಯ್ಯುವುದಿದ್ದರೆ ಬಯ್ಯಿ, ಅವನದ್ದೂ ಸೇರಿಸಿ ನನಗೇ ಬಯ್ಯಿ.