ಎಡಗಡೆಯ ಮ್ಯಾಟು

ಆರಾಧನಾ,

ಇದನ್ನು ನಿನಗೆ ಕಳಿಸುವುದಿಲ್ಲ. ಕಾರಿನ ಮಾತು ನಿನಗೆ ಮೊದಲೇ ಆಗದು. ನೀನು ಬಿಟ್ಟುಹೋಗಿ ಎರಡು ವರ್ಷವಾದ ಮೇಲೆ ಇವತ್ತು ಬ್ರೇಕ್ ಬದಲಿಸಿದೆ, ಅಷ್ಟೆ.

ಶ್ರೀರಾಂಪುರದ ಮೆಕ್ಯಾನಿಕ್ ವೆಂಕಟಪ್ಪನವರ ಮುಂದೆ ರೇಸ್ ಕಾರಿನ ಬ್ರೇಕ್ ಪ್ಯಾಡುಗಳ ಡಬ್ಬಿ ಇಟ್ಟೆ. ತಿಂಗಳಿಗೊಮ್ಮೆ ರೇಸ್ ಟ್ರ್ಯಾಕಿಗೆ ಹೋಗುವವನಿಗೆ ಅದೇ ಸರಿ ಎಂದುಕೊಂಡಿದ್ದೆ.

"ಇವು ಕಾದ್ಮೇಲೇ ಹಿಡಿಯೋದು ಸಾರ್. ಬೆಳಿಗ್ಗೆ ಸಂಪಿಗೆ ರಸ್ತೇಲಿ ಹೂವಿನೋಳು ಅಡ್ಡ ಬಂದ್ರೆ ಏನ್ಮಾಡ್ತೀರಾ? ಪಕ್ಕದಲ್ಲಿ ಯಾರಾದ್ರೂ ಕೂರ್ತಾರಾ?"

"ಇಲ್ಲ" ಎಂದೆ.

ಡಬ್ಬಿಯನ್ನು ಕಾರಿನೊಳಗೆ ವಾಪಸು ಇಡಲು ಅವರು ಎಡಗಡೆಯ ಬಾಗಿಲು ತೆಗೆದು ಕೆಳಗೆ ಬಗ್ಗಿ ನೋಡಿದರು. ನಾನು ಜೋರಾಗಿ ಓಡಿಸಿದಾಗೆಲ್ಲ ನಿನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತಲ್ಲ, ಆ ಜಾಗದಲ್ಲಿ ಮ್ಯಾಟು ತೂತಾಗಿದೆ.

"ಬ್ರೇಕು ಈ ಕಡೆ ಇದ್ದಿದ್ರೆ ಪ್ಯಾಡು ಯಾವತ್ತೋ ಸವೆದೋಗಿರೋದು!" ಎಂದು ನಕ್ಕರು.

ರಸ್ತೆಗೂ ಟ್ರ್ಯಾಕಿಗೂ ಆಗುವಂಥದ್ದೇ ಹಾಕಿ ಎಂದೆ. ಟ್ರ್ಯಾಕಿನಲ್ಲಿ ಸುತ್ತಿಗೆ ಒಂದೆರಡು ಸೆಕೆಂಡು ಹೋದೀತು. ಮಲ್ಲೇಶ್ವರಕ್ಕೆ ವಾಪಸು ಬರುವಾಗ ಎಂಟನೇ ಕ್ರಾಸಿನಲ್ಲಿ, ಪ್ಯಾಡು ಇನ್ನೂ ತಣ್ಣಗಿದ್ದರೂ, ಬ್ರೇಕು ಮುಟ್ಟಿದ ಕೂಡಲೇ ಹಿಡಿಯಿತು.

ಮ್ಯಾಟು ಹೊಸದು ಹಾಕ್ಲಾ ಅಂತ ವೆಂಕಟಪ್ಪ ಕೇಳಿದ್ದರು. ಇರಲಿ ಅಂದೆ.