ಕೈ ಎತ್ತಿದ ಹುಡುಗರು

ಶುಕ್ರವಾರ, ಬೆಳಿಗ್ಗೆ

ಅಮ್ಮಾ,

ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಕ್ಕಿಲ್ಲ. ಇಳಿಯದಿದ್ದರೂ ಇದನ್ನು ಪೂರ್ತಿ ಓದು. ನಾಳೆ ನಿನ್ನ ಸ್ಕೌಟ್ ಹುಡುಗರು ಶಿಬಿರಕ್ಕೆ ಬಂದಾಗ ಅವರನ್ನು ತೆಪ್ಪ ಹತ್ತಿಸಬೇಡ. ಹೊಳೆಯ ಹತ್ತಿರಕ್ಕೂ ಬಿಡಬೇಡ. ಅವರಿಗೆ ಈಜು ಬರುವುದಿಲ್ಲ.

ನೀನು ಡೇರೆಗಳ ಜೊತೆ ಮುಂಚೆಯೇ ಹೊರಟ ಮೇಲೆ, ನಿನ್ನೆ ಸಂಜೆ ಇಡೀ ದಳ ನನ್ನನ್ನು ನೋಡಲು ಬಂತು. ಹಗ್ಗದ ಏಣಿಯಿಂದ ಬಿದ್ದ ನನ್ನ ಕಾಲಿನ ಪ್ಲಾಸ್ಟರ್ ಮೇಲೆ ಚಿತ್ರ ಬಿಡಿಸುವ ಗಲಾಟೆ. ನಿನ್ನ ಹೊಲಿಗೆ ಮೆಷಿನ್ ಪಕ್ಕ ಕಾಲು ಚಾಚಿ ಕೂತು ಕೂತು ನನಗೆ ತಲೆ ಕೆಟ್ಟಿತ್ತು. ಸುಮ್ಮನೆ ಕೆಣಕೋಣವೆಂದು ದಳದಲ್ಲೇ ಚಿಕ್ಕವನಾದ ಬುಗುರಿಯನ್ನು ಕೇಳಿದೆ: "ಏನೋ, ನಡು ಹೊಳೇಲಿ ತೆಪ್ಪ ಮಗುಚಿದ್ರೆ ಮೊದಲು ಯಾರನ್ನ ಎಳೀತೀಯ?" ಅವನು ಚಿತ್ರದಿಂದ ತಲೆ ಎತ್ತದೆ ಹೇಳಿದ: "ನನ್ನನ್ನೇ ಯಾರಾದ್ರೂ ಎಳೀಬೇಕಕ್ಕಾ. ನಂಗೆಲ್ಲಿ ಈಜು ಬರುತ್ತೆ?"

ದಳದ ನಾಯಕ ಅವನ ತಲೆಗೆ ಮೊಟಕಿದ. ನಾನು ಬಾಗಿಲಿಗೆ ಚಿಲಕ ಹಾಕಿಸಿ ಒಬ್ಬೊಬ್ಬನನ್ನೇ ಕೇಳಿದೆ. ನಾಯಕನಿಗೆ ಬರುತ್ತದೆ. ಇನ್ನೊಬ್ಬ, "ಬಾವಿ ಮೆಟ್ಟಿಲು ಹಿಡ್ಕೊಂಡ್ರೆ ಚೆನ್ನಾಗೇ ಬರುತ್ತೆ" ಎಂದ. ಉಳಿದವರು ಬರುವುದಿಲ್ಲವೆಂದು ತಲೆ ಆಡಿಸಿದರು.

ತೆಪ್ಪದಲ್ಲಿ ಹೊಳೆ ದಾಟಲು ಯಾರಿಗೆಲ್ಲ ಈಜು ಬರುತ್ತದೆ ಎಂದು ನೀನು ಕೇಳಿದ ದಿನ ಎಲ್ಲರೂ ಕೈ ಎತ್ತಿದ್ದರಲ್ಲ? ಎತ್ತಿಸಿದವನು ನಾಯಕ. ಯಾಕೋ ಎಂದು ಗದರಿದ್ದಕ್ಕೆ ಬಾಯಿ ಬಿಟ್ಟ. ಹೆಂಗಸು ನಡೆಸುವ ದಳವೆಂದು ಬೇರೆ ದಳದವರು ಇವರನ್ನು 'ಜಡೆ ದಳ' ಎಂದು ಕರೆಯುತ್ತಾರಂತೆ. ಮೊಣಕಾಲು ನೋವೆಂದು ದಳ ಬಿಟ್ಟ ಡ್ರಿಲ್ ಮೇಷ್ಟ್ರು ಮೈದಾನದಲ್ಲಿ ಎಲ್ಲರೆದುರು, "ಹೆಂಗಸ್ರು ಗುಂಡಿ ಹೊಲೀಲಿ, ಹುಡುಗರನ್ನ ಹೊಳೆ ದಾಟ್ಸೋದು ಅವರ ಕೈಲಾಗೋ ಕೆಲ್ಸ ಅಲ್ಲ" ಎಂದರಂತೆ. "ನಾವು ದಾಟದಿದ್ರೆ ಮೇಡಮ್ಮನ್ನ ತೆಗೆದು ಆ ಮೇಷ್ಟ್ರನ್ನೇ ವಾಪಸ್ ತರ್ತಾರಕ್ಕಾ. ನಮಗೆ ಮೇಡಮ್ಮೇ ಬೇಕು" ಎಂದ.

ನಿನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ್ದಾರೆ. ನೀನು ಆ ಕೈಗಳನ್ನು ನಂಬಿ, ಬಾಡಿಗೆಗೆ ಹೇಳಿದ್ದ ತೇಲುವ ಜಾಕೆಟ್ಟುಗಳನ್ನೂ ಬೇಡವೆಂದೆ. ನೀರಿಗಿಳಿಸಿ ನೋಡಿದೆಯಾ ಎಂದು ನಾನು ಕೇಳಿದ್ದಕ್ಕೆ, "ಸ್ಕೌಟ್ ಕೊಟ್ಟ ಮಾತಿಗೆ ಪರೀಕ್ಷೆ ಇಲ್ಲ. ಪರೀಕ್ಷೆಗೆ ಹೆದರಿ ಸ್ಕೂಲು ಬಿಟ್ಟವಳು ನಂಗೆ ಹೇಳ್ಕೊಡ್ಬೇಡ" ಎಂದು ಬಾಗಿಲು ಬಡಿದುಕೊಂಡು ಹೋದೆ. ನಾನು ಹೆದರಿ ಬಿಡಲಿಲ್ಲ, ಬೇಜಾರಾಗಿ ಬಿಟ್ಟೆ. ಅದಿರಲಿ.

ನಿನಗೆ ಹೇಳಬಾರದೆಂದು ಹುಡುಗರು ನನ್ನಿಂದ ಮಾತು ಕೇಳಿದರು. ನಾನು ಕೊಡಲಿಲ್ಲ. "ನಾಳೆ ಲಾರೀಲೇ ಕಾಗದ ಕಳಿಸ್ತೀನಿ" ಎಂದು ಮುಖಕ್ಕೆ ಹೇಳಿದೆ. ಹಿಂದೆ ಒಂದು, ಮುಂದೆ ಒಂದು ನನಗೆ ಆಗುವುದಿಲ್ಲ. ಅವರು ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಹೋದರು. ಯಾವತ್ತೂ ಹಾಗೆ ಹೋದವರಲ್ಲ.

ಅಲ್ಲಿ ಫೋನ್ ಸಿಗುತ್ತಿಲ್ಲ, ಒತ್ತಿ ಒತ್ತಿ ಸಾಕಾಯಿತು. ಮಧ್ಯಾಹ್ನ ದಿನಸಿ ತರುವ ಲಾರಿ ಮಾಮನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಮೇಷ್ಟ್ರು ನಗಲಿ, ಊರೇ ನಗಲಿ. ನಕ್ಕರೆ ಅವರ ಹಲ್ಲು ಕಾಣುತ್ತದೆ, ನಮ್ಮ ಗಂಟೇನು ಹೋಗುವುದಿಲ್ಲ.

ನಿನ್ನ ಕುಂಟಿ, ಬಾಯಿಬಡುಕಿ
ಮಗಳು

ಮತ್ತೆ, ಲಕೋಟೆಯ ಮೇಲೆ:

ಅಮ್ಮಾ, ಒಳಗಿನದು ಆಮೇಲೆ ಓದು. ಲಾರಿ ಕಿಟಕಿಯ ಕೆಳಗೆ ನಿಂತಿದೆ. ಹುಡುಗರು ನಾಳೆಯವರೆಗೆ ಕಾಯಲಿಲ್ಲ. ಮೂಟೆಗಳ ಮೇಲೆ ಕೂತು ಹಾಡುತ್ತಿದ್ದಾರೆ. ಕಿರುಚಿದೆ, ಯಾರೂ ಇಳಿಯಲಿಲ್ಲ. ಮಾಮನಿಗೆ ಹೇಳಿದರೆ, "ಎಲ್ರಿಗೂ ಈಜು ಬರುತ್ತೆ ಅಂತ ನಿಮ್ಮಮ್ಮನೇ ಹೇಳಿದಾರೆ. ಕಾಲು ಮುರ್ಕೊಂಡು ಕೂತ ಹೊಟ್ಟೆಕಿಚ್ಚು ನಿಂಗೆ" ಎಂದು ನಗುತ್ತಾನೆ. ಕಾಗದ ನಿನ್ನ ಕೈ ಸೇರುವ ಮೊದಲೇ ದಾಟಿ ತೋರಿಸಬೇಕೆಂದು ಹೊರಟಿದ್ದಾರೆ. ಮಾಮ ಮೊದಲು ಅವರನ್ನು ತೆಪ್ಪದ ಹತ್ತಿರ ಇಳಿಸಿ, ಆಮೇಲೆ ನಿನ್ನ ಡೇರೆಗೆ ಬರುತ್ತಾನಂತೆ. ಇದು ನಿನ್ನ ಕೈಯಲ್ಲಿದೆ ಎಂದರೆ ಅವರು ಇಳಿದಾಗಿದೆ. ಓಡಮ್ಮಾ.